ನಾಲ್ಕು ಚಾಕ್ ಗೆರೆ

ಜಿತೇಂದ್ರ ಶೆಟ್ಟರ ಹಳೆಯ ಕಾರಿನ ಪೆಟ್ರೋಲ್ ಇಂಜಿನ್ ತೆಗೆದು ಸೆಕೆಂಡ್‌ಹ್ಯಾಂಡ್ ಡೀಸೆಲ್ ಇಂಜಿನ್ ಕೂರಿಸಿದ್ದು ಗಣಪಣ್ಣ. ತಲ್ಲೂರಿನ ಗ್ಯಾರೇಜು ಅವರದ್ದು. ಅದರ ಒಂದು ಮೂಲೆಯಲ್ಲಿ ವೈರಿಂಗ್ ಕೆಲಸ ಮಾಡಿಕೊಂಡಿರುವವನು ನಾನು. ಇಂಜಿನ್ ಬದಲಾದ ಮೇಲೆ ಆರ್‌ಪಿಎಂ ಮೀಟರಿನ ಸೂಜಿ ಏಳಲೇ ಇಲ್ಲ. ಅದನ್ನು ಎಬ್ಬಿಸುವುದು ನನ್ನ ಪಾಲು.

ಪೆಟ್ರೋಲ್ ಇಂಜಿನ್ನಿನ ಕಿಡಿ ಎಣಿಸಿ ನಡೆಯುತ್ತಿದ್ದ ಮೀಟರ್ ಅದು. ಡೀಸೆಲ್ಲಿಗೆ ಕಿಡಿಯೇ ಇಲ್ಲ. ಆಲ್ಟರ್ನೇಟರಿನಿಂದ ಒಂದು ವೈರ್ ಎಳೆದು, ನಡುವೆ ಸಣ್ಣ ಸರ್ಕ್ಯೂಟ್ ಹಾಕಿದೆ. ಅದರಲ್ಲೊಂದು ಸ್ಕ್ರೂ, ತಿರುಗಿಸಿದರೆ ಸೂಜಿ ಏರುತ್ತದೆ, ಇಳಿಯುತ್ತದೆ. ಎಲ್ಲಿ ನಿಲ್ಲಿಸಬೇಕು? ಕುಂದಾಪುರದ ಸಂಜೆ ತರಗತಿಯಲ್ಲಿ ಮೇಷ್ಟ್ರು ಕಲಿಸಿದ್ದು ನೆನಪಾಯಿತು. ಇಂಜಿನ್ನಿನ ಪುಲ್ಲಿಯ ಮೇಲೆ ನಾಲ್ಕು ಚಾಕ್ ಗೆರೆ ಎಳೆದು, ಹಳೆಯ ಚೋಕಿನ ಟ್ಯೂಬ್‌ಲೈಟ್ ಹಿಡಿದೆ. ಆ ಬೆಳಕು ಸೆಕೆಂಡಿಗೆ ನೂರು ಸಲ ಮಿನುಗುತ್ತದೆ; ಇಂಜಿನ್ ನಿಮಿಷಕ್ಕೆ ಸಾವಿರದೈನೂರು ಸುತ್ತು ತಿರುಗುವಾಗ ಗೆರೆಗಳು ನಿಂತುಬಿಟ್ಟಂತೆ ಕಾಣುತ್ತವೆ. ನಿಂತವು. ಸೂಜಿಯನ್ನು ಸಾವಿರದೈನೂರಕ್ಕೆ ತಂದೆ. ನನ್ನ ಮೇಲೆ ನನಗೆ ನಂಬಿಕೆ ಕಡಿಮೆ. ಮೂರು ಸಲ ನೋಡಿದೆ.

ಆಕ್ಸಿಲರೇಟರ್ ಬಿಟ್ಟಾಗ ಸೂಜಿ ಸಾವಿರದಿನ್ನೂರಕ್ಕೆ ಬಂತು. ಇರಬೇಕಾದದ್ದು ಎಂಟುನೂರು. ಇಂಜಿನ್ನಿನ ನಡುಕ ಶೆಟ್ಟರಿಗೆ ಗೊತ್ತಾಗದಿರಲೆಂದು ಗಣಪಣ್ಣ ಐಡ್ಲಿಂಗ್ ಏರಿಸಿಟ್ಟಿದ್ದರು. ಸೂಜಿ ಅದನ್ನು ಬಯಲು ಮಾಡುತ್ತಿತ್ತು.

"ಏ ನಿತೇಶ, ಸೂಜಿ ಇಳ್ಸ್. ಎಂಟ್ನೂರಕ್ಕ್ ನಿಲ್ಸ್."

"ಗಣಪಣ್ಣ, ಸೂಜಿ ಸಮ ಇತ್ತ್. ಟ್ಯೂಬ್‌ಲೈಟ್ ಹಿಡ್ದ್ ಕಂಡಿದೆ."

"ಮೂವತ್ತ್ ವರ್ಷ ಕೆಮಿಯಗೆ ಇಂಜಿನ್ ಕೇಂಡವ ನಾನ್," ಗಣಪಣ್ಣ ಕಿವಿ ಮುಟ್ಟಿ ತೋರಿಸಿದರು. "ನಿಂದೆಂತ, ಎರ್ಡ್ ವರ್ಷದ್ ಸಂಜಿ ಶಾಲಿ! ಟ್ಯೂಬ್‌ಲೈಟ್ ಕಂಡ್ ಕಾರ್ ಓಡ್ಸುದಾ?"

ಅವತ್ತು ಕರೆಂಟು ಬೇರೆ ಡಿಮ್ ಇತ್ತು. ನನ್ನ ಲೆಕ್ಕವೇ ತಪ್ಪಿರಬಹುದು ಅನಿಸಿತು. ಅನಿಸಿತೋ, ಹಾಗೆ ಅನಿಸಲಿ ಎಂದು ಬಯಸಿದೆನೋ. ಸ್ಕ್ರೂ ತಿರುಗಿಸಿ ಸೂಜಿಯನ್ನು ಎಂಟುನೂರಕ್ಕೆ ಇಳಿಸಿದೆ.

ಸಂಜೆ ಶೆಟ್ಟರು ಬಂದರು. "ನಿತೇಶಾ, ನೀ ಓದ್ದವ. ಮೀಟರ್ ಸಮ ಇತ್ತಾ?"

ಗಣಪಣ್ಣ ಪಕ್ಕದಲ್ಲೇ ಕೈ ಒರೆಸಿಕೊಳ್ಳುತ್ತಿದ್ದರು.

"ಸಮ ಇತ್ತ್," ಅಂದೆ.

"ಹ್ವಾಯ್ ಶೆಟ್ರೆ, ಹಳೆ ಇಂಜಿನ್. ಮೂರ್ ಸಾವ್ರ ಮಾತ್ರ ದಾಟ್ಸ್ಬೇಡಿ," ಅಂದರು ಗಣಪಣ್ಣ.

ಶೆಟ್ಟರು ಹೇಳಿದ್ದನ್ನು ಕೇಳುವ ಮನುಷ್ಯ. ಕಿರಿಮಂಜೇಶ್ವರದ ತಮ್ಮ ಹೋಟೆಲಿನಿಂದ ಬ್ರಹ್ಮಾವರಕ್ಕೆ ದಿನಾ ಓಡಾಡುವಾಗ ಕಣ್ಣು ಸೂಜಿಯ ಮೇಲೆಯೇ. ಸಾವಿರದಿನ್ನೂರನ್ನು ಎಂಟುನೂರು ಎನ್ನುವ ಸೂಜಿ ಮೂರು ಸಾವಿರ ತೋರಿಸುವಾಗ ಇಂಜಿನ್ ನಾಲ್ಕೂವರೆ ಸಾವಿರ ತಿರುಗುತ್ತಿತ್ತು. ಅದು ನನಗೆ ಗೊತ್ತಿತ್ತು. ಅವರ ನಂಬರೂ ಫೋನಿನಲ್ಲಿತ್ತು. ನಾಳೆ ಹೇಳುತ್ತೇನೆ ಎಂದುಕೊಳ್ಳುತ್ತಲೇ ಹದಿನೆಂಟು ದಿನ ಕಳೆದೆ.

ಹತ್ತೊಂಬತ್ತನೆಯ ದಿನ ಕಾರನ್ನು ಕೋಟದಿಂದ ಕಟ್ಟಿ ಎಳೆದು ತಂದರು. ಕನೆಕ್ಟಿಂಗ್ ರಾಡ್ ಇಂಜಿನ್ನಿನ ಗೋಡೆ ಒಡೆದು ಹೊರಗೆ ಬಂದಿತ್ತು.

"ಮೂರ್ ಸಾವ್ರ ದಾಟ್ಸ್ಲೇ ಇಲ್ಲ ಮಾರಾಯ," ಶೆಟ್ಟರು ಮತ್ತೆ ಮತ್ತೆ ಅಂದರು.

"ಇಂಜಿನ್ ಕೆಲ್ಸ ನಂದ್. ಮೀಟರ್ ಇವಂದ್," ಅಂದರು ಗಣಪಣ್ಣ.

"ಇಳ್ಸುಕ್ ಹೇಳ್ದ್ ನೀವಲ್ದಾ?" ನನ್ನ ದನಿ ನನಗೇ ಸರಿಯಾಗಿ ಕೇಳಿಸಲಿಲ್ಲ.

"ಹೌದಾ? ಹಂಗಾರೆ ನಿನ್ ಟ್ಯೂಬ್‌ಲೈಟ್ ಹಿಡ್ದ್ ತೋರ್ಸ್, ಕಾಂಬ."

ತಿರುಗದ ಇಂಜಿನ್ನಿಗೆ ಯಾವ ಲೈಟು ಹಿಡಿದರೇನು? ಪುಲ್ಲಿಯ ಮೇಲೆ ಎಣ್ಣೆ ಮೆತ್ತಿದ ನಾಲ್ಕು ಗೆರೆ ಸುಮ್ಮನೆ ನಿಂತಿದ್ದವು.

ಶೆಟ್ಟರು ಗಣಪಣ್ಣನ ಕಡೆ ನೋಡಲೇ ಇಲ್ಲ.

"ಅವ್ನತ್ರ ನಾ ಕೇಂಡದ್ದೇ ಅಲ್ಲ," ಅಂದರು. "ನಿನ್ನತ್ರ ಕೇಂಡದ್."

ಸೀಟಿನ ಮೇಲಿದ್ದ ಛತ್ರಿ ತೆಗೆದುಕೊಂಡು ಬಸ್‌ಸ್ಟಾಪಿನ ಕಡೆ ನಡೆದರು.