ಮೋಟರು ನಿಂತಾಗ

ಚಳಿಗಾಲ ಬಂದದ್ದು ಕ್ಯಾಲೆಂಡರಿನಲ್ಲಿ ಮಾತ್ರ. ಬೆಳಬೆಳಗ್ಗೆಯೇ ಸೆಕೆ, ಅದರ ಮೇಲೆ ಹೊತ್ತಲ್ಲದ ಹೊತ್ತಿನಲ್ಲಿ ಮಳೆ. ಕ್ಯಾರೆಟ್‌ಗಳು ನೆಲದೊಳಗೇ ಗಟಗಟ ನೀರು ಕುಡಿದು ಸೀಳಿಕೊಂಡಿದ್ದವು. ತೊಳೆಯುವ ಶೆಡ್ಡಿನಲ್ಲಿ ಮೋಟರು ಗುರುಗುಟ್ಟುತ್ತಿತ್ತು, ಡ್ರಮ್ಮು ತಿರುಗುತ್ತಿತ್ತು. ಕೆಸರು ಕಳೆದುಕೊಂಡ ಕ್ಯಾರೆಟ್‌ಗಳು ರಬ್ಬರು ಪಟ್ಟಿಯ ಮೇಲೆ ಹರಿದು ಬರುತ್ತಿದ್ದವು, ಹೆಂಗಸರು ಎರಡೂ ಬದಿಗೆ ನಿಂತು ಆರಿಸುತ್ತಿದ್ದರು. ನೆಟ್ಟಗಿದ್ದದ್ದು ಪೆಟ್ಟಿಗೆಗೆ. ಸೀಳಿದ್ದು, ಡೊಂಕಾದದ್ದು, ಕವಲೊಡೆದದ್ದು ಹಿಂದಿನ ಗುಂಡಿಗೆ. ಈ ಸಲ ಪೆಟ್ಟಿಗೆಗಿಂತ ಗುಂಡಿಯೇ ಬೇಗ ತುಂಬುತ್ತಿತ್ತು.

"ಇಲ್ನೋಡ್ರೇ, ಇದು ಧಣಿ ಥರಾನೇ ಕಾಲ್ಮೇಲೆ ಕಾಲು ಹಾಕ್ಕೊಂಡು ಕೂತಿದೆ."

"ಬಿಸಾಕು ಅತ್ಲಾಗೆ. ಕೇಳಿಸ್ಕೊಂಡ್ರೆ ನಿನ್ನೂ ಗುಂಡಿಗೆ ಹಾಕಿಸ್ತಾರೆ," ಎಂದಳು ಫಿನಾಯ್ಲಮ್ಮ.

ಅದು ಹೆತ್ತವರು ಇಟ್ಟ ಹೆಸರಲ್ಲ. ಹಿಂದೊಮ್ಮೆ ಯಾರೋ ಗುಂಡಿಯ ಮಾಲನ್ನು ಹೊತ್ತುಕೊಂಡು ಹೋಗಿ ಅಗ್ಗಕ್ಕೆ ಮಾರಿ ಧಣಿಯ ವ್ಯಾಪಾರಕ್ಕೆ ಕಲ್ಲು ಹಾಕಿದ್ದರು. ಅಂದಿನಿಂದ ಒಂದು ಕಟ್ಟಳೆ: ಸಂಜೆ ಮೋಟರು ನಿಂತ ಕೂಡಲೇ ಬೇಡದ ರಾಶಿಗೆ ಫಿನಾಯಿಲು ಸುರಿಯಬೇಕು. ಕ್ಯಾನು ಇವಳ ಪಾಲಿಗೆ ಬಂತು. ಆಗ ಇವಳ ಮಗಳು ತೊದಲು ಮಾತಿನ ಕೂಸು. ಈಗ ಗಂಡನ ಮನೆಯಲ್ಲಿ ಸಂಸಾರ ಮಾಡುತ್ತಿದ್ದಾಳೆ. ಮೋಟರು ನಿಲ್ಲುವುದು, ಕೈ ಕ್ಯಾನಿಗೆ ಹೋಗುವುದು, ಎರಡರ ನಡುವೆ ಮನಸ್ಸಿಗೆ ಕೆಲಸವೇ ಉಳಿದಿರಲಿಲ್ಲ.

ಗುಂಡಿ ಕುದಿಯುವ ಮಡಕೆಯ ಹಾಗೆ ಗುಳುಗುಳು ಅನ್ನುತ್ತಿತ್ತು. ಹೀಗೆ ಕೊಳೆತದ್ದರಿಂದ ಏಳುವ ಗಾಳಿಯಿಂದಲೂ ಭೂಮಿ ಬಿಸಿಯಾಗುತ್ತದಂತೆ ಎಂದು ಪೆಟ್ಟಿಗೆ ಸಾಗಿಸುವ ಗಾಡಿಯವನು ರೇಡಿಯೋದಲ್ಲಿ ಕೇಳಿ ಬಂದು ಹೇಳಿದಾಗ ಹೆಂಗಸರು ನಕ್ಕಿದ್ದರು. "ಹಂಗಾದ್ರೆ ಈ ಸೆಕೆಗೆ ನಾವೇ ಕಾರಣ ಅನ್ನು! ಕೂಲಿ ಇಸ್ಕೊಂಡು ಬಿಸ್ಲು ಮಾಡ್ತಿದೀವಿ." ಫಿನಾಯ್ಲಮ್ಮ ಮಾತ್ರ ನಕ್ಕಿರಲಿಲ್ಲ. ಅವಳ ತಲೆಯಲ್ಲಿ ಓರಗಿತ್ತಿ ನಡೆಸುವ ಮಕ್ಕಳ ಮನೆ ಇತ್ತು.

ಓರಗಿತ್ತಿ ಎಂದರೆ ಭಾವನ ಹೆಂಡತಿ, ಇವಳ ಬಾಯಲ್ಲಿ 'ಅಕ್ಕ'. ಇವಳು ಬಾಣಂತಿ ಜ್ವರದಲ್ಲಿ ಎಚ್ಚರವಿಲ್ಲದೆ ಬಿದ್ದಿದ್ದಾಗ, ಎದೆ ಬತ್ತಿದ್ದಾಗ, ಅಕ್ಕ ತನ್ನ ಮಗುವಿನ ಜೊತೆಗೇ ಇವಳ ಮಗುವನ್ನೂ ಎದೆಗೆ ಹಚ್ಚಿಕೊಂಡು ಉಳಿಸಿದ್ದಳು. ಆ ಋಣ ಎದೆಯ ಮೇಲೆ ಕೂತೇ ಇತ್ತು. ಈಗ ಅಕ್ಕ ಬೀದಿಯ ಕೊನೆಯ ಕೋಣೆಯಲ್ಲಿ ಕೂಲಿಯವರ ಮಕ್ಕಳನ್ನು ನೋಡಿಕೊಳ್ಳುತ್ತಾಳೆ. ಮಧ್ಯಾಹ್ನಕ್ಕೆ ಬರೀ ಹಿಟ್ಟಿನ ಗಂಜಿ. ಕಡ್ಡಿಯಂಥ ಕೈಕಾಲು, ಬಿಳಿಚಿದ ಕಣ್ಣು. ತೂಕ ನೋಡಲು ಬಂದ ನರ್ಸು, ತರಕಾರಿ ಹಾಕದಿದ್ದರೆ ಇವು ಏಳುವುದಿಲ್ಲ ಎಂದಿದ್ದಳು.

ಗುಂಡಿಗೆ ಹೋಗುವುದರಲ್ಲಿ ಒಂದಿಷ್ಟು ಆ ಮಕ್ಕಳಿಗೆ ಕೊಡಿ ಎಂದು ಫಿನಾಯ್ಲಮ್ಮ ಧಣಿಯ ಬೆನ್ನು ಬಿಡಲಿಲ್ಲ. ಕೊನೆಗೆ ಅವನು, "ಆಯ್ತು ಮಾರಾಯ್ತಿ. ಗುಂಡಿ ಪಕ್ಕ ಬೇರೆ ರಾಶಿ ಮಾಡು. ಹೆಚ್ಚುಕಮ್ಮಿ ಆದ್ರೆ ನಿನ್ನ ತಲೆಗೇ ಬರೋದು," ಎಂದ. ಅಕ್ಕನ ಬೀದಿಯತ್ತ ಖಾಲಿ ಹೋಗುವ ಗಾಡಿಯವನು, ಸಂಜೆ ಮೋಟರು ನಿಲ್ಲುವ ಮೊದಲೇ ರಾಶಿ ತುಂಬಿಕೊಂಡು ಚೀಲ ಹೊರಲು ಒಪ್ಪಿದ.

ಗಂಜಿಗೆ ಬಣ್ಣ ಬಂತು. "ನಿನ್ನ ಕ್ಯಾರೆಟ್ ತಿಂದು ತಿಂದು ಕೂರಿಸಿದಲ್ಲಿ ಕೂರಲ್ಲ ಕಣೇ ಇವು," ಎಂದು ಅಕ್ಕ ಬೈದ ಹಾಗೆ ಮಾಡಿ ನಕ್ಕಳು. ಋಣ ಹಿಡಿಹಿಡಿಯಾಗಿ ಇಳಿಯುತ್ತಿದೆ ಅನ್ನಿಸಿತು ಫಿನಾಯ್ಲಮ್ಮನಿಗೆ.

ಒಂದು ಮಧ್ಯಾಹ್ನ ಕರೆಂಟು ಹೋಯಿತು. ಮೋಟರು ನಿಂತಿತು. ಯಾರೋ ತಮ್ಮ ಅತ್ತೆ ಹಲ್ಲುಸೆಟ್ಟನ್ನು ಬಟ್ಟೆಯ ಜೊತೆ ಒಗೆದ ಕಥೆ ಹೇಳುತ್ತಿದ್ದರು. ಫಿನಾಯ್ಲಮ್ಮ ಬಿದ್ದು ಬಿದ್ದು ನಗುತ್ತಲೇ ಎದ್ದು ಹಿಂದಕ್ಕೆ ಹೋದಳು, ಬಂದಳು, ಮತ್ತೆ ಕೂತು ಕಥೆಯ ಬಾಲ ಕೇಳಿಸಿಕೊಂಡಳು. ಕರೆಂಟು ಬಂತು, ಕೆಲಸ ಸಾಗಿತು. ಸಂಜೆ ಗಾಡಿಯವನು ಪಕ್ಕದ ರಾಶಿಯನ್ನು ಚೀಲಕ್ಕೆ ತುಂಬಿದ. ತೊಳೆದ ಕ್ಯಾರೆಟ್ ಹೇಗೂ ಒದ್ದೆ. ಫಿನಾಯಿಲಿನ ವಾಸನೆ ಹೇಗೂ ಶೆಡ್ಡಿನ ವಾಸನೆ.

ಮಾರನೆಯ ದಿನ ಗಾಡಿಯವನು ಓಡಿ ಬಂದ. "ನಿಮ್ಮಕ್ಕ ಒಂದೇ ಸಮ ವಾಂತಿ ಮಾಡ್ತಿದಾರಮ್ಮ. ಗಂಜಿಯಲ್ಲಿ ಫಿನಾಯ್ಲು ಅಂತೆ. ಮಕ್ಕಳಿಗೆ ಬಡಿಸೋಕೆ ಮುಂಚೆ ಇವರೇ ಕುಡಿದು ನೋಡಿದ್ರಂತೆ."

ಫಿನಾಯ್ಲಮ್ಮ ಪಟ್ಟಿಯ ಅಂಚು ಹಿಡಿದು ನಿಂತಳು. ಹಲ್ಲುಸೆಟ್ಟಿನ ಕಥೆ ನೆನಪಿತ್ತು. ಎದ್ದದ್ದು ನೆನಪಿತ್ತು. ಎದ್ದದ್ದು ಯಾಕೆ ಅನ್ನುವುದು ಈಗ ಗೊತ್ತಾಯಿತು.

ಧಣಿಯ ಮುಂದೆ ಮುಚ್ಚಿಡಲಿಲ್ಲ. "ನನ್ನ ಕೈಯೇ ಧಣಿ, ಮೋಟರು ನಿಂತಿದ್ದಕ್ಕೆ ಹೋಗ್ಬಿಡ್ತು. ಆ ಕ್ಯಾನು ಬೇರೆಯವರಿಗೆ ಕೊಡಿ. ರಾಶಿ ಮಾತ್ರ ನಿಲ್ಲಿಸ್ಬೇಡಿ."

"ಬೇರೆಯವರ ಕೈ ಬೇರೆ ಥರ ತಪ್ಪುತ್ತೆ. ಒಂದು ಮಗು ಕುಡಿದಿದ್ರೆ ಏನು ಗತಿ? ಇನ್ಮೇಲೆ ಎಲ್ಲಾ ಗುಂಡಿಗೆ."

"ಕರೆಂಟು ಹೋದಾಗ ಒಬ್ಬರು ರಾಶಿ ಕಾಯ್ಲಿ..."

"ಆಗಲ್ಲ ಅಂದ್ನಲ್ಲಮ್ಮಾ."

ಸಂಜೆ ಮೋಟರು ನಿಂತಾಗ ಅವಳೇ ಸುರಿದಳು. ಈ ಸಲ ಕೈಯನ್ನೇ ನೋಡುತ್ತಾ ಸುರಿದಳು.

ಅಲ್ಲಿಂದ ನೇರ ಅಕ್ಕನ ಮನೆಗೆ ಹೋದಳು. ಅಕ್ಕ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ತುಟಿ ಸಿಪ್ಪೆ ಎದ್ದಿತ್ತು.

"ನಾನೇ ಅಕ್ಕ. ಬೇಕೂಂತ ಮಾಡಿದ್ದಲ್ಲ."

"ಬೇಕೂಂತ ಮಾಡ್ತೀಯೇನೇ ನೀನು. ವಾಸನೆ ಬಂತು ನಂಗೆ. ಚೀಲದ್ದು ಅಂದ್ಕೊಂಡೆ. ಯಾವಾಗ್ಲೂ ಇರ್ತಿತ್ತಲ್ಲ."

"ಮಕ್ಕಳು?"

"ತಾಯಂದಿರು ಬಂದು ಎತ್ಕೊಂಡು ಹೋದ್ರು. ನಾಳೆಯಿಂದ ಕಳಿಸಲ್ವಂತೆ. ಗಂಜಿಯೂ ಬೇಡ, ನಾನೂ ಬೇಡ."

"ನಾನು ಮನೆಮನೆಗೆ ಹೋಗಿ ಹೇಳ್ತೀನಿ. ತಪ್ಪು ನಂದು ಅಂತ."

"ಹೇಳಿದ್ರೆ? ಅವರ ಜಾಗದಲ್ಲಿ ನಾನಿದ್ರೂ ಕಳಿಸ್ತಿರ್ಲಿಲ್ಲ."

"ನಿನ್ನ ಹಾಲಿನ ಋಣ ಇತ್ತಲ್ಲಕ್ಕ. ಅದಕ್ಕೇ ಅಷ್ಟು..."

"ಆ ಮಾತು ಎತ್ತಬೇಡ ಈಗ," ಎಂದು ಅಕ್ಕ ಕಣ್ಣು ಮುಚ್ಚಿದಳು. "ಬಾಯಿ ಒಣಗ್ತಿದೆ."

ಫಿನಾಯ್ಲಮ್ಮ ಎದ್ದು ಲೋಟ ತೊಳೆದು ನೀರು ತುಂಬಿಸಿ ತಂದಳು. ಅಕ್ಕ ಲೋಟಕ್ಕೆ ಕೈ ಚಾಚಿದಳು. ಲೋಟ ಹಿಡಿದ ಕೈಯನ್ನು ನೋಡಿ, ಚಾಚಿದ ಕೈಯನ್ನು ಹಾಗೇ ಮಡಿಲಿಗೆ ಇಳಿಸಿದಳು.

"ಅಲ್ಲಿಡು. ಆಮೇಲೆ ಕುಡೀತೀನಿ."

ಫಿನಾಯ್ಲಮ್ಮ ಲೋಟವನ್ನು ಮಂಚದ ಬದಿಗಿಟ್ಟು ನೆಲದ ಮೇಲೆ ಕೂತಳು. ಹೊರಗೆ ಕತ್ತಲಾಯಿತು. ಅವಳು ಅಲ್ಲಿರುವಷ್ಟು ಹೊತ್ತೂ ಅಕ್ಕ ಆ ನೀರು ಮುಟ್ಟಲಿಲ್ಲ.