ಕುದಿಸಿದ ಕ್ಲಾರಿನೆಟ್

ಬ್ಯಾಂಡ್ ಅಂಗಡಿಯ ಹಿತ್ತಲಲ್ಲಿ ಮೂರು ಕಲ್ಲಿನ ಒಲೆ, ಮೇಲೊಂದು ಪಾತ್ರೆ, ಕುದಿಯುವ ನೀರಿನಲ್ಲಿ ಕ್ಲಾರಿನೆಟ್ಟಿನ ಬಾಯಿಟ್ಟು ಊದುವ ಕರಿಯ ತುದಿ. ಪಕ್ಕದಲ್ಲಿ ಕೂತು ಅದನ್ನೇ ನೋಡುತ್ತಿರುವ ಯಮನೂರಿ. ಇದು ಕಣ್ಣಿಗೆ ಕಟ್ಟಿದಾಗಲೆಲ್ಲ ನನಗೆ ನನ್ನ ಮೇಲೇ ಹೇಸಿಗೆಯಾಗುತ್ತದೆ.

ನಮ್ಮ ಮದುವೆ ಬ್ಯಾಂಡಿನಲ್ಲಿ ಇದ್ದದ್ದು ಒಂದೇ ಕ್ಲಾರಿನೆಟ್. ಯಮನೂರಿ ಊದುತ್ತಿದ್ದ, ಅವನಿಗೆ ಉಸಿರು ಕಟ್ಟಿದರೆ ನಾನು. ಹಾಡು ಕಡಿಯದಂತೆ, ತುದಿಯನ್ನು ತೋಳಿಗೆ ಒರೆಸಿ ಬಾಯಿಂದ ಬಾಯಿಗೆ ದಾಟಿಸುವುದು ನಮ್ಮ ರೂಢಿ. ಬ್ಯಾಂಡಿನ ಯಜಮಾನ, ಡೋಲು ಬಾರಿಸುವ ದುರ್ಗಪ್ಪ ಮೇಸ್ತ್ರಿ ತನ್ನ ಮಗಳು ಹುಲಿಗೆವ್ವನನ್ನು ಯಮನೂರಿಗೆ ಕೊಡುವುದೆಂದು ಮಾತಾಡಿದ್ದ. ಹನ್ನೆರಡು ವರ್ಷ ದುಡಿದ ನನ್ನನ್ನು ಬಿಟ್ಟು, ನಿನ್ನೆ ಮೊನ್ನೆ ಬಂದವನಿಗೆ ಹೆಣ್ಣೂ ಬ್ಯಾಂಡೂ! ನನ್ನ ಹೊಟ್ಟೆ ಉರಿದುಹೋಗಿತ್ತು.

ಲಗ್ನಕ್ಕೆ ಹದಿನೈದು ದಿನವಿದ್ದಾಗ ಯಮನೂರಿ ನನ್ನನ್ನು ಮೂಲೆಗೆ ಕರೆದ. ಪರವೂರಿನ ಮದುವೆಯಲ್ಲಿ ಕುಣಿಯಲು ಬಂದಿದ್ದವಳೊಬ್ಬಳಿಗೆ ಮುತ್ತು ಕೊಟ್ಟಿದ್ದನಂತೆ. ಅಷ್ಟೇ, ಅದರಾಚೆ ಏನೂ ಇಲ್ಲ.

"ಅಣ್ಣಾ, ಗುಪ್ತರೋಗ ಹತ್ತಿರಬಹುದೇನು? ಇಷ್ಟಕ್ಕೆಲ್ಲ ಹೆದರಬ್ಯಾಡ ಹೋಗೋ ಅಂತ ಡಾಕ್ಟ್ರು ನಕ್ಕರು. ನಾನ ಕಾಡಿ ರಕ್ತ ಕೊಟ್ಟು ಬಂದೀನಿ. ಚೀಟಿ ತರಾಕ ಕಾಲ ಏಳವಲ್ವು. ನೀ ತಂದುಕೊಡ್ತೀಯೇನು?"

ಹೋದೆ. ದವಾಖಾನೆಯ ಮೆಟ್ಟಿಲ ಮೇಲೆಯೇ ಓದಿದೆ: ಯಾವ ರೋಗವೂ ಇಲ್ಲ. ಮಡಚಿ ಕೋಟಿನ ಒಳಜೇಬಿಗೆ ಹಾಕಿಕೊಂಡೆ.

"ಚೀಟಿ ಇನ್ನೂ ಬಂದಿಲ್ಲಂತ," ಎಂದೆ. "ಡಾಕ್ಟ್ರು ಯಾಕೋ ನನ್ನ ಮಾರಿ ನೋಡ್ಲಿಲ್ಲಪ್ಪ."

ಅವನು ಬಿಳಿಚಿಕೊಂಡ. ದಿನಕ್ಕೆ ನೂರು ಸಲ ಕನ್ನಡಿಯಲ್ಲಿ ನಾಲಿಗೆ ನೋಡಿಕೊಂಡ, ಊಟ ಬಿಟ್ಟ. ತಾನು ಊದಿದ ಮೇಲೆಲ್ಲ ತುದಿಯನ್ನು ಬಿಚ್ಚಿ ಕುದಿಸತೊಡಗಿದ.

"ನಿನಗ ಹತ್ತಬಾರದಲ್ಲಣ್ಣಾ," ಎನ್ನುತ್ತಿದ್ದ.

ಆ ತುದಿ ರಬ್ಬರಿನ ಜಾತಿಯದು, ಕುದಿಸಿದರೆ ಸೊಟ್ಟಗಾಗುತ್ತದೆ. ನನಗೆ ಗೊತ್ತಿತ್ತು. "ಇನ್ನೊಂದೀಟು ಕುದೀಲಿ ಬಿಡು," ಎಂದೆ.

ಮರುವಾರದ ಮೆರವಣಿಗೆಯಲ್ಲಿ ಕ್ಲಾರಿನೆಟ್ ಬಾಲ ತುಳಿದ ಬೆಕ್ಕಿನಂತೆ ಕಿರುಚಿತು. ಜನ ಬಿದ್ದು ಬಿದ್ದು ನಕ್ಕರು. ಅಂಗಡಿಗೆ ಬಂದ ಮೇಲೆ ಯಮನೂರಿ ಅಳುತ್ತ ಮತ್ತೆ ಒಲೆ ಹಚ್ಚಿದ್ದು ಮೇಸ್ತ್ರಿಯ ಕಣ್ಣಿಗೆ ಬಿತ್ತು. ಕೇಳಿದ್ದಕ್ಕೆ ಎಲ್ಲವನ್ನೂ ಹೇಳಿಬಿಟ್ಟ, ಹುಚ್ಚ!

"ಹಾವಿಗೆ ಹಾಲೆರದಂಗಾತಲ್ಲೋ, ಭಾಡ್ಯಾ! ನನ್ನ ಮಗಳಿಗೆ ರೋಗ ಹಚ್ಚಾಕ ನಿಂತಿದ್ಯಾ?" ಮೇಸ್ತ್ರಿ ಕುದಿಯುವ ಪಾತ್ರೆಯನ್ನು ಒದ್ದ. ನೀರು ಯಮನೂರಿಯ ಕಾಲ ಮೇಲೆ ಚೆಲ್ಲಿತು.

ಯಮನೂರಿ ನನ್ನ ಕಡೆ ತಿರುಗಿ ಕೈಮುಗಿದ. "ಅಣ್ಣಾ, ಚೀಟಿ ಬಂದಿರಬೇಕು. ಒಮ್ಮೆ ಹೋಗಿ ನೋಡು, ನಿನ್ನ ಪಾದಕ್ಕ ಬೀಳ್ತೀನಿ."

ಚೀಟಿ ನನ್ನ ಎದೆಯ ಮೇಲೇ ಇತ್ತು. "ನಾಳೆ ನೋಡೂಣಂತ," ಎಂದೆ. ಬೆಳಗಾಗುವಷ್ಟರಲ್ಲಿ ಲಗ್ನ ಮುರಿದಿತ್ತು, ಬೆಂದ ಕಾಲಿನಲ್ಲೇ ಅವನು ಊರು ಬಿಟ್ಟಿದ್ದ.

ಮೇಸ್ತ್ರಿ ಹೊಸ ತುದಿ ತಂದ, ಹೊಸಬನೊಬ್ಬನನ್ನೂ ಕರೆತಂದ. ಮುಂದಿನ ಮೆರವಣಿಗೆಗೆ ಮುಂದಾಳು ನಾನೇ. ಹುಲಿಗೆವ್ವನನ್ನು ನನಗೆ ಕೊಡಿರೆಂದು ಮೇಸ್ತ್ರಿಯನ್ನು ಕೇಳಿಯೂ ಇದ್ದೆ. ಎರಡು ಬೀದಿ ಊದಿ, ಉಸಿರು ಕಟ್ಟಿ, ಕ್ಲಾರಿನೆಟ್ಟನ್ನು ಹೊಸಬನ ಕಡೆ ಚಾಚಿದೆ. ಅವನು ಹಿಂದೆ ಸರಿದು ಮೇಸ್ತ್ರಿಯ ಮುಖ ನೋಡಿದ.

"ಆ ಯಮನೂರಿ ಎಂಜಲ ಊದಿದಾಂವ ನೀನು," ಎಂದ ಮೇಸ್ತ್ರಿ, ಡೋಲು ನಿಲ್ಲಿಸದೆ. "ಇನ್ನೊಬ್ಬರ ಬಾಯಿಗೆ ಕೊಡಬ್ಯಾಡ. ಹುಲಿಗೆವ್ವನ ಆಸೀನೂ ಬಿಡು."

ಯಮನೂರಿ ಶುದ್ಧನೆಂದರೆ ನಾನೂ ಶುದ್ಧ. ಅದನ್ನು ಹೇಳುವ ಚೀಟಿ ಜೇಬಿನಲ್ಲೇ ಇತ್ತು. ತೆಗೆದರೆ, ಅದು ಎಂದಿನಿಂದ ನನ್ನ ಬಳಿ ಇದೆಯೆಂದು ಕೇಳುತ್ತಾರೆ. ಕೈ ಜೇಬಿನವರೆಗೆ ಹೋಗಿ ನಿಂತಿತು.

ನಡುಬೀದಿಯಲ್ಲಿ ಹಾಡು ಕಡಿಯಿತು. ಕುದುರೆಯ ಮೇಲಿದ್ದ ಮದುಮಗ ಬಾಸಿಂಗ ಸರಿಸಿ ನನ್ನನ್ನು ನೋಡಿದ. ಮೇಸ್ತ್ರಿಯ ಡೋಲೊಂದೇ ಬಡಿದುಕೊಳ್ಳುತ್ತ, ನನ್ನನ್ನು ದಾಟಿ, ಮುಂದಿನ ಓಣಿಗೆ ತಿರುಗಿತು.