ಇದ್ದಿಲು ಬಸ್ಸಿನ ಹೊಟ್ಟೆ

"ಬೆಂಕಿಗೆ ಹೊಟ್ಟೆ ತುಂಬ್ತು ಅಂತ ಒಂದು ದಿನನಾದ್ರೂ ಐತೇನು?"

ಗುಲಾಬ್ ಸಾಬ್ ಇದನ್ನು ಯಾರನ್ನೂ ಕೇಳಿದ್ದಲ್ಲ. ಬಸ್ಸಿನ ಬೆನ್ನಿಗೆ ಕಟ್ಟಿದ ಆಳೆತ್ತರದ ಕಬ್ಬಿಣದ ಡ್ರಮ್ಮಿನ ಮುಚ್ಚಳ ಸರಿಸಿ, ಹೊಗೆಗೆ ಮುಖ ಓರೆ ಮಾಡಿ ಇಣುಕಿದಾಗ ಮಾತು ತಾನಾಗಿ ಬಾಯಿಂದ ಬಿದ್ದಿತ್ತು. ಒಳಗೆ ಕೆಂಡ ತಳ ಕಚ್ಚಿತ್ತು. ಚಂದ್ರಗುತ್ತಿಯಿಂದ ಹೊರಟ ಬಸ್ಸು, ಸೊರಬ ಇನ್ನೂ ದೂರವಿರುವಾಗಲೇ ಏರಿನ ನಡುವೆ ಎರಡು ಸಲ ಕೆಮ್ಮಿ ನಿಂತುಬಿಟ್ಟಿತ್ತು.

ಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಶಿಕಾರಿಪುರದ ಈ ಬಸ್ಸಿಗೆ ಡ್ರಮ್ಮು ಕೂಡಿಸಿದ್ದರು. ಇದ್ದಿಲು ಕೆಂಡವಾಗಿ ಹುಟ್ಟುವ ಗ್ಯಾಸೇ ಎಂಜಿನ್ನಿಗೆ ಉಸಿರು. ಯುದ್ಧ ಮುಗಿಯಿತು, ಸ್ವಾತಂತ್ರ್ಯ ಬಂತು, ಮೈಸೂರು ರಾಜ್ಯ ದೊಡ್ಡದಾಯಿತು. ಡ್ರಮ್ಮು ಮಾತ್ರ ಇದ್ದಲ್ಲೇ ಇತ್ತು, ಅದರ ಪಕ್ಕದಲ್ಲಿ ಗುಲಾಬ್ ಸಾಬೂ ಇದ್ದ. ಬೆಳಗಾದರೆ ಕೆಂಡ ಹಾಕಿ, ಗಾಳಿ ಊದುವ ಚಕ್ರ ತಿರುಗಿಸುತ್ತ ಮೊಹರಮ್ಮಿನ ರಿವಾಯತ್ ಪದ ಹೇಳಿಕೊಳ್ಳುವನು. ಅಜ್ಜನ ಬಾಯಿಂದ ಕೇಳಿ ಕಲಿತ ಪದ. ಅದರ ಕೊನೆಯ ನುಡಿ ಮುಗಿಯುವ ಹೊತ್ತಿಗೆ ಕೊಳವೆಯ ಬಾಯಲ್ಲಿ ಗ್ಯಾಸು ನೀಲಿಯಾಗಿ ಹತ್ತಿಕೊಳ್ಳುತ್ತಿತ್ತು. ಆ ಮೇಲೆ ಡ್ರೈವರ್ ಮುನಾಫನಿಗೆ ಕೈ ಬೀಸುವನು. ಮುನಾಫ್ ಅವನ ಅಕ್ಕನ ಮಗ.

ಮಾಲೀಕ ಪರಮಶಿವಪ್ಪನವರು ಈಗ ಡೀಸೆಲ್ ಗಾಡಿಯ ಮಾತೆತ್ತಿದ್ದರು. ಇವತ್ತು ತಾಯಿ ರಾಜೇಶ್ವರಮ್ಮನನ್ನು ಚಂದ್ರಗುತ್ತಿ ಗುಡ್ಡದ ಅಮ್ಮನವರ ದರ್ಶನಕ್ಕೆ ಕರೆತರುವಾಗ, ಹೊತ್ತು ಮುಳುಗುವುದರೊಳಗೆ ತಾಯಿ ಮನೆ ಸೇರಿ ದೀಪ ಹಚ್ಚುವಂತಾದರೆ ಡ್ರಮ್ಮು ಇನ್ನೊಂದು ವರ್ಷ ಇರಲಿ, ಇಲ್ಲದಿದ್ದರೆ ನಾಳೆಯೇ ಬಿಚ್ಚಿಸುತ್ತೇನೆ ಎಂದು ಎಲ್ಲರೆದುರೇ ಹೇಳಿದ್ದರು. ಡ್ರಮ್ಮು ಬಿಚ್ಚಿದ ಮೇಲೆ ತನಗೆ ಅಲ್ಲಿ ಏನು ಕೆಲಸ ಎಂದು ಗುಲಾಬ್ ಸಾಬ್ ಕೇಳಲಿಲ್ಲ. ಬೆಂಕಿ ಬಿಟ್ಟರೆ ಅವನಿಗೆ ಬೇರೆ ವಿದ್ಯೆ ಗೊತ್ತಿರಲಿಲ್ಲ.

ತಪ್ಪು ಆದದ್ದು ಬೆಳಿಗ್ಗೆ, ಗುಡ್ಡದ ಕೆಳಗೆ. ಇದೇ ಬಸ್ಸಿನಲ್ಲಿ ಬಂದು ಎಡೆಗೆ ಅನ್ನ ಬೇಯಿಸಲು ಕೂತಿದ್ದ ನೀಲಾಂಬಿಕ, ಹಸಿ ಸೌದೆ ಹತ್ತುತ್ತಿಲ್ಲವೆಂದು ಬಂದು ಒಂದು ಬುಟ್ಟಿ ಇದ್ದಿಲು ಕೇಳಿದಳು. ಅವಳ ಹಿಂದೆ ಇನ್ನಷ್ಟು ಹೆಂಗಸರು. ಕೇಳಿದವರಿಗೆ ಗುಲಾಬ್ ಸಾಬ್ ಇಲ್ಲವೆಂದದ್ದು ಯಾರೂ ಕಂಡಿರಲಿಲ್ಲ. ದೇವರ ಒಲೆಗೆ ಅಂದ ಮೇಲಂತೂ ಸರಿಯೇ. ಕೊಡುವಾಗ ಒಳ್ಳೆಯದನ್ನೇ ಕೊಡಬೇಕೆಂದು ಮೇಲಿನ ದಪ್ಪ ದಪ್ಪ ತುಂಡುಗಳನ್ನು ಆರಿಸಿ ಕೊಟ್ಟ. ಚೀಲ ಇನ್ನೂ ಅರ್ಧ ಇತ್ತು, ಸೊರಬದ ತನಕ ಧಾರಾಳ ಅಂದುಕೊಂಡ. ಈಗ ಚೀಲ ಬೋರಲು ಹಾಕಿ ನೋಡಿದರೆ ಬರೀ ಪುಡಿ. ಪುಡಿ ಹಾಕಿದರೆ ಗಾಳಿ ಆಡದೆ ಇದ್ದ ಕೆಂಡವೂ ಸಾಯುತ್ತದೆ. ಎಂಜಿನ್ ಎಬ್ಬಿಸಲು ಇಟ್ಟಿದ್ದ ಚೂರು ಪೆಟ್ರೋಲೂ ಹಿಂದಿನ ಏರಿಗೆ ಮುಗಿದಿತ್ತು.

ಏರು ಬಂದರೆ ಇಳಿದು ತಳ್ಳುವುದು ಈ ಬಸ್ಸಿನವರಿಗೆ ರೂಢಿ. ಗಂಡಸರು ಹೇಳಿಸಿಕೊಳ್ಳದೆ ಇಳಿದಿದ್ದರು.

"ಏನ್ ಸಾಬ್ರೆ, ಟಿಕೀಟು ತಗೊಂಡಿದ್ದು ಕೂರೋಕೋ, ತಳ್ಳೋಕೋ?" ಎಂದ ಅಂಜನಾಪುರದ ಉಜ್ಜಪ್ಪ, ಪಂಚೆ ಮೇಲೆತ್ತಿ ಕಟ್ಟುತ್ತ.

ಸಂಗತಿ ತಿಳಿದ ಮೇಲೆ ಅವನೂ ನಗಲಿಲ್ಲ. ಸೊರಬಕ್ಕೆ ನಡೆದು ಹೋಗಿ ಇದ್ದಿಲು ತರುವಷ್ಟರಲ್ಲಿ ಕತ್ತಲಾಗುತ್ತದೆ. ನೀಲಾಂಬಿಕ ಮುಖ ಸಣ್ಣ ಮಾಡಿಕೊಂಡು ನಿಂತಿದ್ದವಳು, ತಟಕ್ಕನೆ ಗಂಟು ಬಿಚ್ಚಿ ಪ್ರಸಾದದ ತೆಂಗಿನ ಹೋಳುಗಳನ್ನು ತೆಗೆದಳು. ಚಿಪ್ಪು ಚೆನ್ನಾಗಿ ಉರಿಯುತ್ತದಲ್ಲ ಅಂದಳು. ಉಳಿದವರಿಗೂ ಅದೇ ಸರಿ ಕಂಡಿತು. ಎಲ್ಲರ ಗಂಟಿನಲ್ಲೂ ಹೋಳುಗಳಿದ್ದವು. ಉಜ್ಜಪ್ಪ ಸೊಂಟದ ಕತ್ತಿಯಿಂದ ಕಾಯಿ ಬಿಡಿಸಿ, ಕಾಯಿ ನಮಗೆ, ಚಿಪ್ಪು ಸಾಬ್ರ ಡ್ರಮ್ಮಿಗೆ ಎಂದು ಪಾಲು ಮಾಡಿದ. ಡ್ರಮ್ಮಿನ ಬುಡದಲ್ಲಿ ಚಿಪ್ಪಿನ ಗುಡ್ಡೆ ಏರಿತು. ಸಾಬ್ರ ಕೈಯಲ್ಲಿ ಪ್ರಸಾದ ಸುಡಿಸುವುದೇ ಎಂದು ಯಾರೋ ಗೊಣಗಿದ್ದಕ್ಕೆ ರಾಜೇಶ್ವರಮ್ಮ ಕಿಟಕಿಯಿಂದಲೇ, ಅವರ ಇದ್ದಿಲಲ್ಲೇ ಎಡೆ ಬೆಂದಿಲ್ಲವೇ ಎಂದು ಬಾಯಿ ಮುಚ್ಚಿಸಿದರು.

ಗುಲಾಬ್ ಸಾಬನ ಕಣ್ಣು ಹನಿಗೂಡಿತು. ಈ ಜನ ಇಷ್ಟೊಂದು ತನ್ನ ಪರ ಇದ್ದಾರೆಂದು ಅವನಿಗೆ ಗೊತ್ತಿರಲಿಲ್ಲ. ಒಂದು ಚಿಪ್ಪು ಎತ್ತಿಕೊಂಡು ಉಗುರಿನಿಂದ ಗೀರಿದ. ಹಸಿ. ಹಸಿ ಚಿಪ್ಪಿನ ಹೊಗೆಯಲ್ಲಿ ಡಾಂಬರಿನಂಥ ಜಿಗುಟಿರುತ್ತದೆ. ಬಿಸಿಯಿರುವ ತನಕ ಗಾಡಿ ಓಡೀತು, ಶಿಕಾರಿಪುರವನ್ನೂ ಮುಟ್ಟೀತು. ಆದರೆ ತಣ್ಣಗಾದ ಮೇಲೆ ಆ ಜಿಗುಟು ಎಂಜಿನ್ನಿನೊಳಗೆ ಹೆಪ್ಪುಗಟ್ಟಿದರೆ, ನಾಳೆ ಎಷ್ಟು ಪದ ಹೇಳಿದರೂ ಅದು ಏಳುವುದಿಲ್ಲ.

ಗುಂಡಿ ತೋಡಿ, ಚಿಪ್ಪು ಸುಟ್ಟು, ಮಣ್ಣು ಮುಚ್ಚಿ ಆರಿಸಿದರೆ ಒಳ್ಳೆಯ ಇದ್ದಿಲಾಗುತ್ತದೆ, ಸ್ವಲ್ಪ ತಾಳಿ ಎಂದು ಬೇಡಿಕೊಂಡ. ಅಷ್ಟರಲ್ಲಿ ಹೊತ್ತು ಮುಳುಗುವುದೆಂದು ಅವನೇ ಒಪ್ಪಿಕೊಂಡ.

"ಮಾಮು," ಎಂದು ಮುನಾಫ್ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದ, "ಹೊತ್ತಿನೊಳಗೆ ಮುಟ್ಟಿದ್ರೆ ತಾನೇ ನಿಮ್ ಕೆಲ್ಸ ಉಳಿಯೋದು? ಹಾಕಿಬಿಡ್ರಿ."

ಪರಮಶಿವಪ್ಪನವರೂ ಇಳಿದು ಬಂದರು. ಪಡುವಣದ ಬಿಸಿಲು ಅವರ ವಿಭೂತಿಯ ಮೇಲೆ ಬಿದ್ದಿತ್ತು. ಹಸಿ ಚಿಪ್ಪಿನ ಜಿಗುಟು ಎಂಜಿನ್ ಕೆಡಿಸುತ್ತದೆಂದು ಗುಲಾಬ್ ಸಾಬ್ ಹೇಳಿದ್ದನ್ನು ಕೇಳಿಸಿಕೊಂಡು, ಅದನ್ನು ನಾಳೆ ನೋಡಿಕೊಂಡರಾಯಿತು ಎಂದರು. ಆಮೇಲೆ, ಕೂಲಿಯವನೊಡನೆ ಎಂದೂ ಆಡದ ಮೆತ್ತಗಿನ ದನಿಯಲ್ಲಿ ಅಂದರು:

"ಸಾಬ್ರೆ, ಕೇಳ್ಕೊಳ್ತಾ ಇದ್ದೀನಿ, ಹಾಕ್ರಿ. ಅವ್ವ ದೀಪದ ಹೊತ್ತಿಗೆ ಮನಿ ಸೇರಿದ್ರೆ ಸಾಕು. ಡ್ರಮ್ಮಿಗೆ ನಾನು ಕೈ ಹಚ್ಚಲ್ಲ. ಅವ್ವನ ಎದುರಿಗೇ ಮಾತು ಕೊಡ್ತೀನಿ."

ಎಲ್ಲರೂ ಅವನನ್ನೇ ನೋಡುತ್ತಿದ್ದರು. ನೀಲಾಂಬಿಕ ಎರಡೂ ಕೈಯಲ್ಲಿ ಚಿಪ್ಪು ಹಿಡಿದು, ಬೆಳಿಗ್ಗೆ ಅವನು ಇದ್ದಿಲು ಕೊಟ್ಟ ಹಾಗೆಯೇ, ಚಾಚಿ ನಿಂತಿದ್ದಳು. ಗುಲಾಬ್ ಸಾಬ್ ಬಟ್ಟೆ ಸುತ್ತಿದ ಕೈಯಿಂದ ಮುಚ್ಚಳ ಎಳೆದು ಮುಚ್ಚಿ, ಕೊಂಡಿ ಸಿಕ್ಕಿಸಿದ.

"ಹಾಕಲ್ಲ, ಸಾವ್ಕಾರ್ರೆ," ಎಂದ. "ಹಸಿ ಚಿಪ್ಪು ನಾ ಇದಕ್ಕೆ ಹಾಕಲ್ಲ."